ನಾಲ್ಕು ಮಂದಿ ಕೂಡಿ ಹೆದರೋದು: ಕೋ-ಆಪ್ ಹಾರರ್ ಗೇಮಿನ ಸುಖ, ಸಂಕಟ

ಕೋ-ಆಪ್ ಹಾರರ್ ಗೇಮ್, ಅಂದರೆ ಗೆಳೆಯರು ಆನ್‌ಲೈನಲ್ಲಿ ಕೂಡಿ ಆಡುವ ಹೆದರಿಕೆಯ ವಿಡಿಯೋ ಗೇಮ್, ಅಂದ ಕೂಡಲೇ ಹುಬ್ಬಳ್ಳಿ-ಧಾರವಾಡದ ಹುಡುಗರು ಮೊದಲು ಕೇಳೋದು ಒಂದೇ ಪ್ರಶ್ನೆ: "ನಾಕ್ ಮಂದಿ ಕೂಡಿ ಆಡಿದ್ರ ಅಂಜಿಕಿ ಎಲ್ಲಿಂದ ಬರತೈತಿ?" ಪ್ರಶ್ನೆ ಸರಿಯಾಗೇ ಇದೆ. ಪಕ್ಕದಲ್ಲಿ ಗೆಳೆಯರಿದ್ದರೆ ಧೈರ್ಯ ಬರುತ್ತದೆ, ಧೈರ್ಯ ಬಂದರೆ ಹಾರರ್ ಸತ್ತಂತೆಯೇ. ಆದರೂ ಈ ಜಾತಿಯ ಗೇಮುಗಳು ಒಬ್ಬರೇ ಕೂತು ಆಡುವ ಹಾರರ್‌ಗಿಂತ ಎಷ್ಟೋ ಸಲ ಹೆಚ್ಚು ನಡುಗಿಸುತ್ತವೆ. ಅದಕ್ಕೆ ಕಾರಣ ದನಿ. ಗೇಮಿನೊಳಗೆ ಗೆಳೆಯ ದೂರ ಹೋದಂತೆ ಮೈಕ್‌ನಲ್ಲಿ ಬರುವ ಅವನ ದನಿ ಸಣ್ಣದಾಗುತ್ತದೆ, ಗೋಡೆಯಾಚೆ ಹೋದರೆ ಮಂಕಾಗುತ್ತದೆ, ಸತ್ತರೆ ಅರ್ಧ ಮಾತಿನಲ್ಲೇ ನಿಂತುಹೋಗುತ್ತದೆ. ನಾಲ್ಕು ಮಂದಿಯನ್ನು ಕೂಡಿಸಿ, ಆಮೇಲೆ ಅವರ ನಡುವೆ ಅಂತರ ಹಾಕುವ ಗೇಮೇ ನನ್ನ ಲೆಕ್ಕದಲ್ಲಿ ಒಳ್ಳೆಯ ಕೋ-ಆಪ್ ಹಾರರ್. ಆ ಅಂತರ ಇರುವಷ್ಟು ಹೊತ್ತು ಹೆದರಿಕೆ ಇರುತ್ತದೆ. ಈ ಗೇಮುಗಳ ಮೇಲೆ ಜನ ಹೇಳುವ ತಕರಾರುಗಳಲ್ಲಿ ಮುಕ್ಕಾಲು ಪಾಲು, ಆ ಅಂತರವನ್ನು ಆಡುವವರೇ ಅಳಿಸಿಹಾಕುವುದರಿಂದ ಹುಟ್ಟಿದವು.

ಶುರುವಿನಲ್ಲಿ ಹೀಗಿರಲಿಲ್ಲ. 2008ರ ನವೆಂಬರ್‌ನಲ್ಲಿ ಬಂದ ವಾಲ್ವ್‌ನ ಲೆಫ್ಟ್ 4 ಡೆಡ್ ನಾಲ್ವರನ್ನೂ ಒಂದೇ ಕಡೆ ಹಿಡಿದಿಡುವ ಗೇಮ್. ಹಂಟರ್ ಎಂಬ ಜೀವಿ ಮೈಮೇಲೆ ಹಾರಿ ಕೆಡವಿದರೆ ನೀವಾಗಿ ಬಿಡಿಸಿಕೊಳ್ಳಲು ಆಗದು, ಜೊತೆಗಾರ ಬಂದು ತಳ್ಳಬೇಕು ಇಲ್ಲವೇ ಗುಂಡು ಹಾರಿಸಬೇಕು. ಮುಂದಿನ ವರ್ಷ ಬಂದ ಲೆಫ್ಟ್ 4 ಡೆಡ್ 2ರಲ್ಲಿ ಜಾಕಿ, ಚಾರ್ಜರ್ ಎಂಬ ಜೀವಿಗಳೂ ಸೇರಿಕೊಂಡು ಒಂಟಿಯಾಗಿ ಮುಂದೆ ಓಡುವವನಿಗೆ ಮತ್ತಷ್ಟು ಕಷ್ಟವಾಯಿತು. ಜೊತೆಗಾರ ಬೇಕೇಬೇಕು ಅನ್ನುವ ಸ್ಥಿತಿ ಅಲ್ಲಿತ್ತು, ಆದರೆ ಅದು ಭಯಕ್ಕಿಂತ ಗಡಿಬಿಡಿ. 2009ರ ರೆಸಿಡೆಂಟ್ ಈವಿಲ್ 5ರಲ್ಲಿ ನಾಯಕ ಕ್ರಿಸ್ ಪಕ್ಕದಲ್ಲಿ ಜೊತೆಗಾರ್ತಿ ಶೇವಾ ಯಾವಾಗಲೂ ಇರುತ್ತಾಳೆ, ಬಂದೂಕೂ ಬೇಕಾದಷ್ಟು. ಆಟ ಚೆನ್ನ, ಅಂಜಿಕೆ ಕಡಿಮೆ. ನನಗೆ ಹೆಚ್ಚು ಇಷ್ಟವಾದ ಹಳೆಯ ಪ್ರಯತ್ನ 2013ರ ಡೆಡ್ ಸ್ಪೇಸ್ 3ರದು. ಅದರ ಕೋ-ಆಪ್ ಮಿಷನ್‌ಗಳಲ್ಲಿ ಕಾರ್ವರ್ ಆಗಿ ಆಡುವವನಿಗೆ ಕಾಣುವ ಭ್ರಮೆಗಳು ಐಸಾಕ್ ಆಗಿ ಆಡುವವನಿಗೆ ಕಾಣುವುದೇ ಇಲ್ಲ. ಒಬ್ಬ "ಅಲ್ನೋಡಲೇ" ಅಂತಾನೆ, ಇನ್ನೊಬ್ಬನ ಪರದೆಯ ಮೇಲೆ ಬರೀ ಖಾಲಿ ಕಾರಿಡಾರ್. ಆ ಗೇಮಿನ ಉಳಿದ ಭಾಗ ಗುಂಡಿನ ಕಾಳಗದಲ್ಲೇ ಕಳೆದುಹೋಯಿತಾದರೂ, ಇಬ್ಬರಿಗೆ ಗೊತ್ತಿರುವ ವಿಷಯ ಬೇರೆ ಬೇರೆ ಆಗಿದ್ದರೆ ಹೆದರಿಕೆ ಹುಟ್ಟುತ್ತದೆ ಎಂಬ ದಾರಿಯನ್ನು ಅದು ಸ್ಪಷ್ಟವಾಗಿ ತೋರಿಸಿತ್ತು.

ಆ ದಾರಿಯಲ್ಲಿ ಪೂರ್ತಿ ನಡೆದದ್ದು ಫ್ಯಾಸ್ಮೋಫೋಬಿಯಾ. ಕೈನೆಟಿಕ್ ಗೇಮ್ಸ್ ಇದನ್ನು 2020ರ ಸೆಪ್ಟೆಂಬರ್ 18ರಂದು ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಕೆಲಸ ಪೂರ್ತಿ ಮುಗಿಯುವ ಮೊದಲೇ, ಬಿಟ್ಟಿತು. ಗರಿಷ್ಠ ನಾಲ್ಕು ಮಂದಿ ಒಂದು ವ್ಯಾನ್‌ನಲ್ಲಿ ಒಂದು ಮನೆಗೆ ಹೋಗಿ, ಅಲ್ಲಿರುವ ದೆವ್ವ ಯಾವ ಜಾತಿಯದು ಅಂತ ಪತ್ತೆ ಹಚ್ಚಬೇಕು. ದೆವ್ವವನ್ನು ಕೊಲ್ಲುವುದಿಲ್ಲ, ಗುರುತಿಸುತ್ತೀರಿ, ಅಷ್ಟೇ. ಸಾಕ್ಷ್ಯಗಳು ಏಳು: ಇಎಂಎಫ್ (ವಿದ್ಯುತ್ಕಾಂತ ಅಳೆಯುವ) ರೀಡರ್‌ನಲ್ಲಿ ಐದನೇ ಮಟ್ಟ, ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಕಾಣುವ ಕೈಗುರುತು, ಪುಸ್ತಕದಲ್ಲಿ ದೆವ್ವದ ಬರಹ, ಸೊನ್ನೆಗಿಂತ ಕೆಳಗಿಳಿದ ಉಷ್ಣತೆ, ಬೆಳಕಿನ ಚುಕ್ಕೆ ಬೀರುವ ಡಾಟ್ಸ್ ಪ್ರೊಜೆಕ್ಟರ್‌ನಲ್ಲಿ ಸುಳಿಯುವ ಆಕಾರ, ಕ್ಯಾಮೆರಾದಲ್ಲಿ ಕಾಣುವ ಘೋಸ್ಟ್ ಆರ್ಬ್ (ತೇಲುವ ಬೆಳಕಿನ ಚುಕ್ಕೆ), ದೆವ್ವವನ್ನು ಮಾತಾಡಿಸುವ ಸ್ಪಿರಿಟ್ ಬಾಕ್ಸ್‌ನಲ್ಲಿ ಬರುವ ಉತ್ತರ. ಒಂದೊಂದು ದೆವ್ವಕ್ಕೆ ಇವುಗಳಲ್ಲಿ ಮೂರು.

ಇದರಲ್ಲಿ ಮಾತಿಗೆ ಎರಡು ದಾರಿ. ಒಂದು ಹತ್ತಿರದ ಮಾತು, ಅಕ್ಕಪಕ್ಕ ಇದ್ದವರಿಗೆ ಮಾತ್ರ ಕೇಳುತ್ತದೆ. ಇನ್ನೊಂದು ವಾಕಿ-ಟಾಕಿ, ವ್ಯಾನ್‌ನಲ್ಲಿ ಕೂತವನಿಗೂ ಕೇಳುತ್ತದೆ. ಕೀಬೋರ್ಡಿನಲ್ಲಿ ಮೊದಲಿಗೆ ವಿ ಗುಂಡಿ ಹತ್ತಿರದ ಮಾತಿಗೆ, ಬಿ ಗುಂಡಿ ರೇಡಿಯೋಗೆ. ಹೊಸಬರು ಈ ಎರಡರ ಬೆಲೆ ತಿಳಿಯದೆ ನಾಲ್ವರೂ ಫೋನಿನಲ್ಲೋ ಡಿಸ್ಕಾರ್ಡ್ ಆಪ್‌ನಲ್ಲೋ ಒಂದು ಕಾಲ್ ಹಚ್ಚಿಕೊಂಡು ಆಡಲು ಕೂಡುತ್ತಾರೆ. ಅಲ್ಲಿಗೆ ಆ ಗೇಮಿನ ಅರ್ಧ ಭಾಗ ಮುಗಿಯಿತು. ದೆವ್ವ ಬೇಟೆಗೆ ಇಳಿದಾಗ, ಅಂದರೆ ಆಡುವವರನ್ನು ಕೊಲ್ಲಲು ಬಂದಾಗ, ರೇಡಿಯೋ ಗರಗರ ಅಂದು ಮಾತು ಒಡೆಯಬೇಕು, ಮಹಡಿಯ ಮೇಲಿರುವವನ ಕೂಗು ಕೆಳಗಿನವನಿಗೆ ಅರೆಬರೆ ಕೇಳಬೇಕು. ಡಿಸ್ಕಾರ್ಡ್ ಕಾಲ್‌ನಲ್ಲಿ ಎಲ್ಲರೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತಾರೆ. ಸತ್ತವನೂ ಮಾತಾಡುತ್ತಲೇ ಇರುತ್ತಾನೆ: "ಅಡಿಗಿಮನ್ಯಾಗ ಐತಿ ನೋಡು, ಆ ಕಡೆ ಹೋಗಬ್ಯಾಡ." ಗೇಮಿನೊಳಗೆ ಸತ್ತವರ ಮಾತು ಸತ್ತವರಿಗಷ್ಟೇ ಕೇಳುತ್ತದೆ, ಬದುಕಿದವರಿಗೆ ಇಲ್ಲ. ಇದು ಸುಮ್ಮನೆ ಇಟ್ಟ ನಿಯಮವಲ್ಲ. ಒಬ್ಬನ ದನಿ ನಿಂತಿದ್ದೇ ಉಳಿದವರಿಗೆ ಸಿಗುವ ಸುದ್ದಿ. ಹಾಗಾಗಿ ಲಾಬಿ (ಆಟಕ್ಕೆ ಮೊದಲು ಎಲ್ಲರೂ ಸೇರುವ ಜಾಗ) ತುಂಬುವವರೆಗೆ ಡಿಸ್ಕಾರ್ಡ್ ಇರಲಿ, ವ್ಯಾನ್ ಬಾಗಿಲು ತೆರೆಯುವ ಮೊದಲು ಎಲ್ಲರೂ ಕಾಲ್ ಕಟ್ ಮಾಡಿ.

ಮೊದಲ ಸಲ ನಾಲ್ವರು ಹೋಗುವುದಾದರೆ 6 ಟ್ಯಾಂಗಲ್‌ವುಡ್ ಡ್ರೈವ್ ಮನೆಯನ್ನೇ ಆರಿಸಿ, ಅಮೆಚೂರ್ ಎಂಬ ಸುಲಭದ ಮಟ್ಟದಲ್ಲಿ. ಅಲ್ಲಿ ಮೊದಲ 5 ನಿಮಿಷ ದೆವ್ವ ಬೇಟೆಗೆ ಬರುವುದಿಲ್ಲ. ಆ 5 ನಿಮಿಷವನ್ನು ನಾಲ್ವರೂ ಒಂದೇ ಕೋಣೆಯಲ್ಲಿ ಟಾರ್ಚ್ ಬೀಸುತ್ತ ಕಳೆಯಬಾರದು. ಒಬ್ಬ ಥರ್ಮಾಮೀಟರ್ ಹಿಡಿದು ಕೋಣೆ ಕೋಣೆ ಸುತ್ತಲಿ, ಇನ್ನೊಬ್ಬ ಇಎಂಎಫ್ ರೀಡರ್ ಹಿಡಿದು ಅವನ ಎದುರು ದಿಕ್ಕಿನಿಂದ ಬರಲಿ, ಮೂರನೆಯವನು ವಿದ್ಯುತ್ತಿನ ಮೇನ್ ಸ್ವಿಚ್ ಹುಡುಕಲಿ, ನಾಲ್ಕನೆಯವನು ವ್ಯಾನ್‌ನಿಂದ ಬರೆಯುವ ಪುಸ್ತಕ, ಡಾಟ್ಸ್, ಕ್ಯಾಮೆರಾ ಸಾಗಿಸಲಿ. ಕೋಣೆ ಸಿಕ್ಕ ಮೇಲೆ ಸಾಮಾನು ಇಡುವಾಗ ನಡೆಯುವ ತಪ್ಪುಗಳು ಬಹುತೇಕ ಎಲ್ಲ ಗುಂಪಿನಲ್ಲೂ ಅವೇ. ಕ್ಯಾಮೆರಾವನ್ನು ಗೋಡೆಗೆ ಮುಖ ಮಾಡಿ ಇಟ್ಟು, ಆರ್ಬ್ ಇಲ್ಲ ಅಂತ ತೀರ್ಮಾನಿಸುವುದು. ಮೇನ್ ಬಿದ್ದಾಗ ಮನೆಯೆಲ್ಲ ತಣ್ಣಗಾದದ್ದನ್ನು ನೋಡಿ ಅದೇ ಸಾಕ್ಷ್ಯ ಅಂದುಕೊಳ್ಳುವುದು. ಸೊನ್ನೆಗಿಂತ ಕೆಳಗೆ ಇಳಿದರೆ ಮಾತ್ರ ಲೆಕ್ಕ. ದೆವ್ವ ತನ್ನ ಕೋಣೆ ಬದಲಿಸಬಲ್ಲದು ಎಂಬುದನ್ನು ಮರೆತು, ಹಳೆಯ ಕೋಣೆಯಲ್ಲೇ ಪುಸ್ತಕ ಇಟ್ಟು ಕಾಯುವುದು. ಮೂರರ ಬದಲು ನಾಲ್ಕು ಸಾಕ್ಷ್ಯ ಸಿಕ್ಕಾಗ ಗೇಮ್ ಕೆಟ್ಟಿದೆ ಅಂತ ಬಯ್ಯುವುದು ಕೂಡ ಮಾಮೂಲು. ಸ್ಪಿರಿಟ್ ಬಾಕ್ಸ್, ಕೈಗುರುತು, ಚಳಿ, ಇವುಗಳ ಮೇಲೆ ಆರ್ಬ್ ಕೂಡ ಕಂಡರೆ ಅದು ಮಿಮಿಕ್. ಬೇರೆ ದೆವ್ವದ ವೇಷ ಹಾಕುವ ಅದಕ್ಕೆ ಆ ಹೆಚ್ಚುವರಿ ಆರ್ಬ್ ಯಾವಾಗಲೂ ಇದ್ದೇ ಇರುತ್ತದೆ.

ಸ್ಪಿರಿಟ್ ಬಾಕ್ಸ್ ನಮ್ಮ ಕಡೆಯವರಿಗೆ ಸ್ವಲ್ಪ ಸತಾಯಿಸುತ್ತದೆ. ಗೇಮ್ ನಿಮ್ಮ ಮೈಕ್ ಮೂಲಕ ಇಂಗ್ಲಿಷ್ ಪ್ರಶ್ನೆ ಕೇಳಿಸಿಕೊಂಡು ಗುರುತಿಸಬೇಕು, ನಮ್ಮ ಉಚ್ಚಾರ ಅದಕ್ಕೆ ಒಮ್ಮೊಮ್ಮೆ ಹತ್ತುವುದಿಲ್ಲ. ಉದ್ದ ವಾಕ್ಯ ಬೇಡ. "ವೇರ್ ಆರ್ ಯೂ", "ಗಿವ್ ಅಸ್ ಎ ಸೈನ್", ಇಷ್ಟನ್ನು ಬಿಡಿಬಿಡಿಯಾಗಿ, ಹಿಂದೆ ಯಾರೂ ಮಾತಾಡದಂತೆ ಹೇಳಿ. ಕೋಣೆಯ ದೀಪ ಆರಿಸಿರಬೇಕು. ಕೆಲವು ದೆವ್ವಗಳು ಒಬ್ಬರೇ ಇದ್ದಾಗ ಮಾತ್ರ ಉತ್ತರ ಕೊಡುತ್ತವೆ, ಉಳಿದ ಮೂವರು ಹೊರಗೆ ಹೋಗಲೇಬೇಕು. ಗೇಮಿನ ಇಡೀ ಬುದ್ಧಿವಂತಿಕೆ ಇಲ್ಲಿದೆ: ಗುಂಪಾಗಿ ಬಂದವರಲ್ಲಿ ಒಬ್ಬನನ್ನು ಕತ್ತಲೆ ಕೋಣೆಯಲ್ಲಿ ಬಿಟ್ಟು ಬನ್ನಿ ಅಂತ ಅದು ಕೆಲಸದ ನೆಪದಲ್ಲಿ ಕೇಳುತ್ತದೆ. ಎಷ್ಟು ಹೇಳಿದರೂ ಗುರುತಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಮಾತಿನ ಬದಲು ಟೆಕ್ಸ್ಟ್ ಆರಿಸಿಕೊಳ್ಳುವ ಅನುಕೂಲ ಇದೆ. ಬೇಟೆಯ ಹೊತ್ತಿನಲ್ಲಿ ಮಾತ್ರ ಭಾಷೆಯ ಪ್ರಶ್ನೆ ಬರುವುದಿಲ್ಲ. ಧಾರವಾಡ ಕನ್ನಡದಲ್ಲಿ ಪಿಸುಗುಟ್ಟಿದರೂ ದೆವ್ವಕ್ಕೆ ಕೇಳುತ್ತದೆ. ಮೈಕ್‌ಗೆ ದನಿ ಬಿತ್ತೋ ಇಲ್ಲವೋ ಅಷ್ಟೇ ಅದು ನೋಡುವುದು.

ಬೇಟೆಯ ಲೆಕ್ಕ ಗೊತ್ತಿದ್ದರೆ ಸುಮ್ಮಸುಮ್ಮನೆ ಸಾಯುವುದು ತಪ್ಪುತ್ತದೆ. ಹೆಚ್ಚಿನ ದೆವ್ವಗಳು ಗುಂಪಿನ ಸರಾಸರಿ ಸ್ಯಾನಿಟಿ (ಮನಸ್ಸಿನ ಸ್ಥಿಮಿತದ ಅಳತೆ) ಶೇ 50ಕ್ಕೆ ಇಳಿದ ಮೇಲೆ ಬೇಟೆಗೆ ಬರಬಲ್ಲವು, ಡೀಮನ್ ಶೇ 70ಕ್ಕೇ ಬರುತ್ತದೆ, ಶೇಡ್ ಶೇ 35ರವರೆಗೆ ಕಾಯುತ್ತದೆ. ದೆವ್ವದ ಸಾಮಾನ್ಯ ವೇಗ ಸೆಕೆಂಡಿಗೆ 1.7 ಮೀಟರ್, ನಿಮ್ಮ ನಡಿಗೆ 1.6. ಅಂದರೆ ನಡೆದು ತಪ್ಪಿಸಿಕೊಳ್ಳಲು ಆಗದು, ಓಟವೂ ಕೆಲವೇ ಸೆಕೆಂಡು. ಕಣ್ಣಿಗೆ ಬಿದ್ದಿದ್ದರಂತೂ ಅದರ ವೇಗ ಏರುತ್ತಲೇ ಹೋಗುತ್ತದೆ. ಹಾಗಾಗಿ ಓಡಿ ಒಂದು ಬಾಗಿಲಿನ ಮರೆಗೆ ಹೋಗಿ, ಬೀರುವಿನಲ್ಲೋ ಕಪಾಟಿನ ಹಿಂದೆಯೋ ನಿಂತು, ಕೈಲಿರುವ ಎಲೆಕ್ಟ್ರಾನಿಕ್ ಸಾಮಾನೆಲ್ಲ ಆರಿಸಿ, ಬಾಯಿ ಮುಚ್ಚಿಕೊಳ್ಳಬೇಕು. ರೆವೆನೆಂಟ್ ನಿಮ್ಮನ್ನು ಕಾಣದಿದ್ದಾಗ ಸೆಕೆಂಡಿಗೆ 1 ಮೀಟರ್ ತೆವಳುತ್ತದೆ, ಕಂಡರೆ 3. ಡಿಯೋಜೆನ್ ಇದಕ್ಕೆ ಪೂರಾ ಉಲ್ಟಾ. ದೂರದಿಂದ 3 ಮೀಟರ್ ವೇಗದಲ್ಲಿ ಬಂದು ಹತ್ತಿರವಾದಾಗ 0.4ಕ್ಕೆ ಇಳಿಯುತ್ತದೆ, ಮತ್ತು ನೀವು ಎಲ್ಲಿ ಅಡಗಿದರೂ ಅದಕ್ಕೆ ಗೊತ್ತು. ಅದರ ಎದುರು ಬೀರು ಸೇರಿದವನು ಸತ್ತ. ಬಯಲಲ್ಲಿ ಅದನ್ನು ಸುತ್ತಿಸುತ್ತ ನಿಧಾನವಾಗಿ ಹಿಂದೆ ಸರಿದವನು ಉಳಿದ.

ಇಬ್ಬರು ಕೂಡಿ ಮಾಡಲೇಬೇಕಾದ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ದೆವ್ವದ ಹತ್ತಿರ ಧೂಪ ಹಚ್ಚಿದರೆ ಸಾಮಾನ್ಯವಾಗಿ 90 ಸೆಕೆಂಡು ಅದು ಬೇಟೆಗೆ ಇಳಿಯುವುದಿಲ್ಲ. ಡೀಮನ್ ಆದರೆ 60 ಸೆಕೆಂಡಿಗೇ ಎದ್ದೀತು, ಸ್ಪಿರಿಟ್ ಆದರೆ 180ರವರೆಗೆ ಸುಮ್ಮನಿರುತ್ತದೆ. ಒಬ್ಬ ಧೂಪ ಹಚ್ಚಿ "ಹಚ್ಚಿದೆ" ಅಂತ ರೇಡಿಯೋದಲ್ಲಿ ಹೇಳಬೇಕು, ವ್ಯಾನ್‌ನಲ್ಲಿ ಕೂತವನು ಮೊಬೈಲ್‌ನಲ್ಲಿ ಗಡಿಯಾರ ಹಚ್ಚಬೇಕು. 60 ದಾಟಿತೇ, 90 ದಾಟಿತೇ ಅಂತ ಎಣಿಸುತ್ತ ಒಳಗೆ ನಿಲ್ಲುವ ಆ ಹೊತ್ತು, ಯಾವ ಜಂಪ್‌ಸ್ಕೇರ್‌ಗಿಂತಲೂ ಹೆಚ್ಚು ಬಿಗಿ.

ಲೀಥಲ್ ಕಂಪನಿ ಇದೇ ದನಿಯ ಆಟವನ್ನು ಇನ್ನೊಂದು ದಿಕ್ಕಿಗೆ ಒಯ್ದಿತು. ಝೀಕರ್ಸ್ ಅನ್ನುವ ಹೆಸರಿನ ಒಬ್ಬನೇ ಡೆವಲಪರ್ 2023ರ ಅಕ್ಟೋಬರ್ 23ರಂದು ಅರ್ಲಿ ಆಕ್ಸೆಸ್‌ಗೆ ಬಿಟ್ಟ ಗೇಮ್ ಇದು. ಪಾಳುಬಿದ್ದ ಕಟ್ಟಡಗಳಿಂದ ಗುಜರಿ ಹೊತ್ತು ತಂದು ಮಾರಬೇಕು. ಮಾರಿ ಗಳಿಸಬೇಕಾದ ಮೊದಲ ಕೋಟಾ 130, ಅವಧಿ 3 ದಿನ, ಆಮೇಲೆ ಕೋಟಾ ಏರುತ್ತ ಹೋಗುತ್ತದೆ. ಮಾರುವುದು ಗಡುವಿನ ಕೊನೆಯ ದಿನವೇ, ಯಾಕಂದರೆ ಅವತ್ತು ಮಾತ್ರ ಪೂರ್ತಿ ಬೆಲೆ ಸಿಗುತ್ತದೆ. ಕೈಲಿ ಮೊದಲು ಇರುವುದು 60 ಕ್ರೆಡಿಟ್. ಅದರಲ್ಲಿ 12ರಂತೆ ಎರಡು ವಾಕಿ-ಟಾಕಿ, 15ರಂತೆ ಎರಡು ಟಾರ್ಚ್ ಕೊಂಡರೆ 54 ಆಯಿತು. ಹೊಸಬರು 30 ಕೊಟ್ಟು ಸಲಿಕೆ ಕೊಳ್ಳಲು ಹಾತೊರೆಯುತ್ತಾರೆ. ಬೇಡ. ಮೊದಲ ದಿನ ವಾಕಿ-ಟಾಕಿ ಕೊಡುವ ಲಾಭವನ್ನು ಸಲಿಕೆ ಕೊಡುವುದಿಲ್ಲ.

ಒಂದು ವಾಕಿ, ಗುಂಪು ಬಂದಿಳಿಯುವ ಬಾಹ್ಯಾಕಾಶ ಹಡಗಿನಲ್ಲಿ ಉಳಿಯುವವನ ಕೈಲಿ, ಇನ್ನೊಂದು ಒಳಗೆ ಹೋಗುವವರ ಕೈಲಿ. ಹಡಗಿನಲ್ಲಿ ಇರುವುದು ಪುಕ್ಕಲರ ಕೆಲಸ ಅಂತ ತಿಳಿದವರು ಈ ಗೇಮನ್ನು ಅರ್ಧವೇ ಆಡಿದ್ದಾರೆ. ಅಲ್ಲಿರುವ ಪರದೆಯಲ್ಲಿ ಒಳಗಿನವರು, ಅವರ ಸುತ್ತ ಸುಳಿಯುವ ಕೆಂಪು ಚುಕ್ಕೆಗಳು (ಅವೇ ಅಪಾಯಕಾರಿ ಜೀವಿಗಳು), ಬಾಗಿಲು ಮತ್ತು ತಾವಾಗಿ ಗುಂಡು ಹಾರಿಸುವ ಗನ್‌ಗಳ ಮೇಲೆ ಒಂದು ಅಕ್ಷರ ಒಂದು ಅಂಕಿಯ ಸಂಕೇತ ಕಾಣುತ್ತವೆ. ಹಡಗಿನ ಕಂಪ್ಯೂಟರ್ ಆದ ಟರ್ಮಿನಲ್‌ನಲ್ಲಿ ಆ ಸಂಕೇತ ಹೊಡೆದರೆ ದೊಡ್ಡ ಬಾಗಿಲು ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ, ಗನ್ ಅಥವಾ ನೆಲಬಾಂಬ್ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಒಳಗಿನವನು ಸಂಕೇತವನ್ನು ನೋಡಿ ಹೇಳಲಾರ, ಹಡಗಿನವನು ಕತ್ತಲೆಯನ್ನು ಕಾಣಲಾರ. ಅವನಿಗೆ ಕಾಣುವುದು ಚುಕ್ಕೆ, ಕೇಳುವುದು ವಾಕಿಯೊಳಗಿನ ದನಿ. "ಇಲ್ಲೊಂದ್ ದೊಡ್ಡ ಎಂಜಿನ್ ಐತಿ, ಭಾಳ ವಜ್ಜಿ ಐತಿ, ಎರಡೂ ಕೈ ಬೇಕು, ಟಾರ್ಚ್ ಆಚೆ ಇಡತೀನಿ, ಸ್ವಲ್ಪ..." ಮುಂದೆ ಏನೂ ಇಲ್ಲ. ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಅವನಿದ್ದ ಜಾಗದಿಂದ ಮೆಲ್ಲಗೆ ಸರಿದು ಹೋಗುತ್ತದೆ. ಹಡಗಿನವನ ಮೇಲೆ ಯಾರೂ ಕೈ ಮಾಡಿಲ್ಲ, ಅವನಿಗೆ ಏನೂ ಕಂಡಿಲ್ಲ, ಆದರೂ ಆ ಗುಂಪಿನಲ್ಲಿ ಆಗ ಎಲ್ಲರಿಗಿಂತ ಹೆಚ್ಚು ಹೆದರಿದವನು ಅವನೇ.

ಒಳಗಿನ ಜೀವಿಗಳೂ ಗುಂಪಿನ ಮಾತನ್ನು ಪರೀಕ್ಷಿಸುವಂತೆಯೇ ಮಾಡಿದವು. ಕಾಯಿಲ್-ಹೆಡ್‌ನಿಂದ ಕಣ್ಣು ಕೀಳಬಾರದು, ನೋಡುತ್ತಿರುವಷ್ಟು ಹೊತ್ತು ಅದು ಕಲ್ಲು. ಬ್ರ್ಯಾಕನ್‌ಗೆ ಇದರ ವಿರುದ್ಧ ನಿಯಮ: ಒಮ್ಮೆ ನೋಡಿ ತಕ್ಷಣ ಮುಖ ತಿರುಗಿಸಬೇಕು, ದಿಟ್ಟಿಸಿದರೆ ಸಿಟ್ಟಿಗೇಳುತ್ತದೆ. ಅದಕ್ಕೇ "ನೋಡಬ್ಯಾಡ", "ನೋಡು ನೋಡು" ಅಂತ ಬರೀ ಕೂಗಿದರೆ ಯಾರಾದರೂ ಒಬ್ಬರು ಸಾಯುತ್ತಾರೆ. ಮೊದಲು ಹೆಸರು, ಆಮೇಲೆ ಏನು ಮಾಡಬೇಕೆಂದು. ಕಾಯಿಲ್-ಹೆಡ್ ಎದುರು ಇಬ್ಬರಿದ್ದರೆ ಒಬ್ಬ "ನಾ ನೋಡಾಕತ್ತೀನಿ" ಅಂತ ಹೇಳಿ ಹಿಂದೆ ಹಿಂದೆ ಹೆಜ್ಜೆ ಇಡಬೇಕು, ಇನ್ನೊಬ್ಬ ದಾರಿ ಹೇಳಬೇಕು, ಜಾಗ ಬದಲಿಸುವಾಗ ಎರಡನೆಯವನು "ಈಗ ನಾನು" ಅಂದ ಮೇಲೆಯೇ ಮೊದಲನೆಯವನು ಕಣ್ಣು ತೆಗೆಯಬೇಕು. ಹೊರಗೆ ಕತ್ತಲಾದ ಮೇಲೆ ಬರುವ ಕಣ್ಣಿಲ್ಲದ ನಾಯಿಗಳಿಗೆ ನಿಮ್ಮ ಮೈಕ್‌ನ ದನಿಯೇ ದಾರಿದೀಪ. ಹಡಗಿನ ಬಾಗಿಲಲ್ಲಿ ನಿಂತು "ಬರ್ರಿ ಬರ್ರಿ, ಲಗೂ ಬರ್ರಿ" ಅಂತ ಕರೆಯುವವನು ಗೆಳೆಯರ ಜೊತೆಗೆ ಅವನ್ನೂ ಕರೆಯುತ್ತಿರುತ್ತಾನೆ. ರಾತ್ರಿ ಹನ್ನೆರಡಕ್ಕೆ ಹಡಗು ಯಾರಿಗೂ ಕಾಯದೆ ಏರುತ್ತದೆ ಅನ್ನುವುದನ್ನೂ ಸೇರಿಸಿಕೊಂಡರೆ, ಆ ಕೊನೆಯ ಒಂದೆರಡು ನಿಮಿಷದ ಇಕ್ಕಟ್ಟು ಏನೆಂದು ತಿಳಿಯುತ್ತದೆ.

ಮೋಡ್, ಅಂದರೆ ಗೇಮನ್ನು ಬದಲಿಸಲು ಹೊರಗಿನವರು ಮಾಡಿದ ಸೇರ್ಪಡೆ, ಹಾಕುವುದಾದರೆ ಒಂದನ್ನು ಹೇಳಲೇಬೇಕು. ಸ್ಕಿನ್‌ವಾಕರ್ಸ್ ಅನ್ನುವ ಮೋಡ್ ಆಡುವವರ ಮಾತನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಜೀವಿಗಳ ಬಾಯಿಂದ ಕೇಳಿಸುತ್ತದೆ. ಮಾತು ಅರ್ಥ ಮಾಡಿಕೊಳ್ಳುವ ಗೊಡವೆ ಅದಕ್ಕಿಲ್ಲ, ಇದ್ದಂತೆ ಒಪ್ಪಿಸುತ್ತದೆ. ಹಾಗಾಗಿ ಕತ್ತಲಿನ ಕಾರಿಡಾರ್‌ನ ಆ ತುದಿಯಿಂದ ಗದಗಿನ ಗೆಳೆಯನ ದನಿಯಲ್ಲೇ, ಅವನದೇ ರಾಗದಲ್ಲಿ "ಇಲ್ಲಿ ಬಾರಲೇ" ಅಂತ ಕೇಳುತ್ತದೆ. ಗೆಳೆಯ ಅಲ್ಲಿರಬಹುದು, ಇಲ್ಲದಿರಬಹುದು. ದನಿ ನಂಬಿ ಬದುಕುವ ಗೇಮಿನಲ್ಲಿ ದನಿಯನ್ನೇ ನಂಬದಂತೆ ಮಾಡುವ ಇದು ನಾನು ಕಂಡ ಅತ್ಯುತ್ತಮ ಹಾರರ್ ವಿಚಾರಗಳಲ್ಲೊಂದು. ಪ್ರಶ್ನೆ ಕೇಳಿ ಉತ್ತರ ಪಡೆದು ಹೋಗಿ, ಬರೀ ಕರೆ ಕೇಳಿ ಹೋಗಬೇಡಿ. ಮೋಡ್‌ಗಳ ತೊಂದರೆ ಒಂದೇ: ನಾಲ್ವರ ಬಳಿಯೂ ಅದೇ ಪಟ್ಟಿ, ಅದೇ ಆವೃತ್ತಿ ಇರಬೇಕು. ಇಲ್ಲದಿದ್ದರೆ ಲಾಬಿಗೇ ಸೇರಲು ಆಗುವುದಿಲ್ಲ, ಇಲ್ಲವೇ ಒಬ್ಬನಿಗೆ ಕಂಡ ಸಾಮಾನು ಇನ್ನೊಬ್ಬನಿಗೆ ಕಾಣುವುದಿಲ್ಲ. ಥಂಡರ್‌ಸ್ಟೋರ್ ಮೋಡ್ ಮ್ಯಾನೇಜರ್‌ನಲ್ಲಿ ಒಬ್ಬ ಪ್ರೊಫೈಲ್ ಮಾಡಿ ಅದರ ಕೋಡ್ ಎಲ್ಲರಿಗೂ ಕಳಿಸಲಿ, ಉಳಿದವರು ಆ ಕೋಡಿನಿಂದಲೇ ಇಳಿಸಿಕೊಳ್ಳಲಿ. ಒಂದೊಂದಾಗಿ ಕೈಯಿಂದ ಹಾಕಲು ಹೋದರೆ ಆ ರಾತ್ರಿ ಆಟವಾಗುವುದಿಲ್ಲ. ಗೇಮಿಗೆ ಹೊಸ ಅಪ್‌ಡೇಟ್ ಬಂದ ದಿನ ಮೋಡ್‌ಗಳು ಒಡೆಯುವುದೂ ಸಹಜ, ಅವತ್ತು ಮೋಡ್ ಇಲ್ಲದೆ ಆಡಿ.

ಈಗ ಸಂಕಟಗಳ ಕಡೆಗೆ. ಎಲ್ಲಕ್ಕಿಂತ ದೊಡ್ಡದು ಸತ್ತ ಮೇಲಿನ ಕಾಯುವಿಕೆ. ಮೊದಲ ಎರಡು ನಿಮಿಷಕ್ಕೇ ಸತ್ತವನು ಉಳಿದ ಹೊತ್ತೆಲ್ಲ ಪ್ರೇಕ್ಷಕ. ಅವನು ಫೋನ್ ತೆಗೆಯುತ್ತಾನೆ, ಆಮೇಲೆ ಅವನ ಮನಸ್ಸು ಆಟಕ್ಕೆ ವಾಪಸ್ ಬರುವುದಿಲ್ಲ. ಲೀಥಲ್ ಕಂಪನಿಯಲ್ಲಿ ಸತ್ತವರು ಹಡಗು ಬೇಗ ಹೊರಡಲಿ ಅಂತ ಮತ ಹಾಕಬಹುದು, ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಈ ಸಮಸ್ಯೆಗೆ ಹೆಚ್ಚು ಚೆನ್ನಾದ ಉತ್ತರ ಕೊಟ್ಟದ್ದು 2025ರ ಫೆಬ್ರವರಿಯಲ್ಲಿ ಸೆಮಿವರ್ಕ್ ತಂದ ರೆಪೋ. ಅದರಲ್ಲಿ ಸತ್ತವನ ತಲೆಯನ್ನು ಹೊತ್ತು ಸಾಮಾನು ಒಪ್ಪಿಸುವ ಜಾಗಕ್ಕೆ ತಂದರೆ ಅವನು ಮತ್ತೆ ಏಳುತ್ತಾನೆ. ಸಾವು ಉಳಿದವರಿಗೆ ಇನ್ನೊಂದು ಕೆಲಸವಾಗುತ್ತದೆ, ಸತ್ತವನಿಗೂ ಆಸೆ ಇರುತ್ತದೆ. ಆರು ಮಂದಿಯವರೆಗೆ ಆಡಬಹುದಾದ್ದರಿಂದ ದೊಡ್ಡ ಗೆಳೆಯರ ಗುಂಪಿಗೂ ಅದೇ ಸರಿ. ಗೋಡೆಗೆ ತಾಗಿದರೆ ವಸ್ತುವಿನ ಬೆಲೆ ಇಳಿಯುವುದರಿಂದ ಪಿಯಾನೋದಂಥ ಭಾರದ ಸಾಮಾನನ್ನು ಬಾಗಿಲಿನಲ್ಲಿ ತಿರುಗಿಸುವಾಗ ಜಗಳವೂ ಗ್ಯಾರಂಟಿ. ಒಬ್ಬನೇ "ಎಡಕ್ಕ, ಬಲಕ್ಕ" ಹೇಳಬೇಕು, ಉಳಿದವರು ಕೇಳಬೇಕು.

ಎರಡನೆಯದು ಎಲ್ಲ ಬಲ್ಲ ಗೆಳೆಯ. ಅವನು ಮೊದಲೇ ಆಡಿ ಮುಗಿಸಿರುತ್ತಾನೆ, ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಜಾತಿ ಹೇಳುತ್ತಾನೆ, ಹೊಸಬರಿಗೆ ಹೆದರಲು ಬಿಡುವೇ ಕೊಡುವುದಿಲ್ಲ. ಅವನನ್ನು ವ್ಯಾನ್‌ನಲ್ಲೋ ಹಡಗಿನಲ್ಲೋ ಕೂಡಿಸಿ, ಕೇಳಿದ್ದಕ್ಕೆ ಮಾತ್ರ ಉತ್ತರ ಎಂಬ ಕರಾರು ಮಾಡಿ. ನಾಲ್ವರೂ ಹಾಗೇ ಪಳಗಿದ್ದರೆ ಗೇಮಿನಿಂದ ಸುಳಿವುಗಳನ್ನು ಕಿತ್ತುಕೊಳ್ಳಬೇಕು. ಫ್ಯಾಸ್ಮೋಫೋಬಿಯಾದ ನೈಟ್‌ಮೇರ್ ಮಟ್ಟದಲ್ಲಿ ಮೂರರ ಬದಲು ಎರಡೇ ಸಾಕ್ಷ್ಯ, ಇನ್‌ಸ್ಯಾನಿಟಿಯಲ್ಲಿ ಒಂದೇ. ಉಳಿದದ್ದನ್ನು ದೆವ್ವದ ನಡಿಗೆ, ವೇಗ, ಧೂಪದ ಗಡಿಯಾರ ನೋಡಿ ಕಂಡುಹಿಡಿಯಬೇಕು. ಇಷ್ಟೆಲ್ಲ ಮಾಡಿದರೂ ಜ್ಞಾನ ಹೆಚ್ಚಿದಂತೆ ಹೆದರಿಕೆ ಇಳಿಯುತ್ತದೆ ಎಂಬುದು ನಿಜ. ಒಂದೇ ಗೇಮನ್ನು ದಿನಾ ಆಡುವುದಕ್ಕಿಂತ ಎರಡು ಮೂರನ್ನು ತಿರುವುತ್ತ ಆಡುವುದು ಮೇಲು.

ನಗುವಿನ ಬಗ್ಗೆಯೂ ದೂರು ಇದೆ, ಅದನ್ನು ನಾನು ಒಪ್ಪುವುದಿಲ್ಲ. ಬೆಚ್ಚಿಬಿದ್ದ ಮೇಲೆ ಬರುವ ನಗು ಈ ಆಟದ ಭಾಗವೇ. 2024ರ ಏಪ್ರಿಲ್ 1ರಂದು ಲ್ಯಾಂಡ್‌ಫಾಲ್ ಮೊದಲ 24 ಗಂಟೆ ಪುಕ್ಕಟೆ ಹಂಚಿದ ಕಂಟೆಂಟ್ ವಾರ್ನಿಂಗ್ ನಿಂತಿರುವುದೇ ಅದರ ಮೇಲೆ. ಗೆಳೆಯರು ಸಾಯುವುದನ್ನು 90 ಸೆಕೆಂಡಿನ ಕ್ಯಾಮೆರಾದಲ್ಲಿ ಹಿಡಿದು, ಮನೆಗೆ ಬಂದು ಟಿವಿಯಲ್ಲಿ ಎಲ್ಲರೂ ಕೂಡಿ ನೋಡುವ ಗೇಮ್ ಅದು. ಆಟ ಕೆಡಿಸುವುದು ಬೇರೆ ನಗು. ಯಾರಿಗೂ ಹೆದರಿಕೆ ಆಗಬಾರದೆಂದು ಮೊದಲಿನಿಂದಲೇ ಒಬ್ಬ ಹಾಡು ಹಾಕಿಕೊಂಡು ಕಿರುಚುತ್ತಿದ್ದರೆ ಅಂಥವನಿಗೆ ಲೆಫ್ಟ್ 4 ಡೆಡ್ 2 ಸಾಕು.

ಊರಿನ ತೊಂದರೆಗಳು ಬೇರೆಯೇ. ಒಬ್ಬ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಒಬ್ಬ ಧಾರವಾಡದ ಸಪ್ತಾಪುರದ ಪಿಜಿಯಲ್ಲಿ, ಇನ್ನೊಬ್ಬ ಗದಗಿನ ಬೆಟಗೇರಿಯಲ್ಲಿ, ಮತ್ತೊಬ್ಬ ಹಾವೇರಿಯ ಮನೆಯಲ್ಲಿ ಕೂತು ಆಡುವ ಗುಂಪಿಗೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯೇ ಮೊದಲ ಶತ್ರು. ಲೀಥಲ್ ಕಂಪನಿಯಲ್ಲಿ ಆಟ ನಡೆಯುವುದು ಹೋಸ್ಟ್‌ನ (ಆಟ ಶುರುಮಾಡಿ ಉಳಿದವರನ್ನು ಸೇರಿಸಿಕೊಂಡವನ) ಕಂಪ್ಯೂಟರ್‌ನಲ್ಲಿ, ಸೇವ್ ಇರುವುದೂ ಅಲ್ಲೇ. ಅವನ ಮನೆಯ ಕರೆಂಟ್ ಹೋದರೆ ಎಲ್ಲರ ಆಟವೂ ಹೋಯಿತು, ಆ ದಿನ ಹೊತ್ತ ಗುಜರಿಯೂ ಹೋಯಿತು. ಹಾಗಾಗಿ ಒಳ್ಳೆಯ ಕಂಪ್ಯೂಟರ್ ಇದ್ದವನಿಗಿಂತ ಇನ್ವರ್ಟರ್ ಇದ್ದವನು ಹೋಸ್ಟ್ ಆಗಲಿ. ರೂಟರ್‌ಗೆ ಪ್ರತ್ಯೇಕ ಮಿನಿ ಯುಪಿಎಸ್ ಇಡಿ. ಅಡಾಪ್ಟರ್ ಮೇಲೆ ಬರೆದದ್ದು ನೋಡಿ ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್ ಇರುವುದನ್ನು ಕೊಳ್ಳಿ. 12 ವೋಲ್ಟ್ 1 ಆಂಪಿಯರ್ ಅಂದರೆ ಗರಿಷ್ಠ 12 ವಾಟ್. 2 ಗಂಟೆ ಬೇಕಿದ್ದರೆ ಕನಿಷ್ಠ 24 ವಾಟ್-ಅವರ್. ಡೆಸ್ಕ್‌ಟಾಪ್‌ಗೆ ಇಡುವ 600 ವಿಎ ಯುಪಿಎಸ್ ಸುಮಾರು 360 ವಾಟ್‌ನದು, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೆಲವೇ ನಿಮಿಷ ತಡೆಯುತ್ತದೆ. ಹಡಗು ಏರಿಸಿ ದಿನ ಮುಗಿಸಲು ಅಷ್ಟು ಸಾಕು. ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದರೆ ಗ್ರಾಫಿಕ್ಸ್ ಶಕ್ತಿ ಇಳಿದು ಚಿತ್ರ ಕುಂಟುತ್ತದೆ, ಮೊದಲೇ ಸೆಟ್ಟಿಂಗ್ ಕಡಿಮೆ ಇಟ್ಟುಕೊಳ್ಳಿ. ವೈಫೈಗಿಂತ ಕೇಬಲ್ ಮೇಲು. ದನಿ ತುಂಡು ತುಂಡಾಗುವುದು ಸಾಮಾನ್ಯವಾಗಿ ಇಂಟರ್ನೆಟ್ ವೇಗ ಸಾಲದೆ ಅಲ್ಲ, ಸಿಗ್ನಲ್ ಏರಿಳಿತದಿಂದ.

ಬ್ಲೂಟೂತ್ ಹೆಡ್‌ಫೋನ್ ಬಗ್ಗೆ ಬಿಡಿಸಿ ಹೇಳಬೇಕು, ಯಾಕಂದರೆ "ಹೆಜ್ಜೆ ಸಪ್ಪಳ ಯಾವ ಕಡೆಯಿಂದ ಬಂತು ತಿಳಿಯೋದಿಲ್ಲ" ಅನ್ನುವವರಲ್ಲಿ ಹೆಚ್ಚಿನವರ ಸಮಸ್ಯೆ ಇದೇ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನ ಮೈಕ್ ಚಾಲೂ ಆದ ಕೂಡಲೇ ವಿಂಡೋಸ್ ಅದನ್ನು ಹ್ಯಾಂಡ್ಸ್-ಫ್ರೀ ಮೋಡ್‌ಗೆ ಹಾಕುತ್ತದೆ. ದನಿ ಫೋನ್ ಕಾಲ್‌ನಂತೆ ತೆಳುವಾಗಿ, ಎಡಬಲ ಕಿವಿಗಳ ವ್ಯತ್ಯಾಸ ಅಳಿದು ಎರಡಕ್ಕೂ ಒಂದೇ ಬರುತ್ತದೆ. ದೆವ್ವ ಎಡಕ್ಕಿದೆಯೋ ಬಲಕ್ಕಿದೆಯೋ ಹೇಗೆ ತಿಳಿದೀತು? ಇನ್‌ಪುಟ್ ಆಗಿ ಲ್ಯಾಪ್‌ಟಾಪಿನ ಮೈಕ್ ಅಥವಾ ಬೇರೆ ಯುಎಸ್‌ಬಿ ಮೈಕ್ ಆರಿಸಿ, ಹೆಡ್‌ಫೋನನ್ನು ಕೇಳಲು ಮಾತ್ರ ಬಿಡಿ. ಅದಕ್ಕಿಂತ ಅಗ್ಗದ ಪರಿಹಾರ ವೈರ್ ಇರುವ ಮಾಮೂಲಿ ಇಯರ್‌ಫೋನ್. ಡೆಸ್ಕ್‌ಟಾಪ್‌ನಲ್ಲಿ ಮೈಕ್‌ಗೂ ಸ್ಪೀಕರ್‌ಗೂ ಎರಡು ತೂತು ಬೇರೆ ಬೇರೆ ಇದ್ದರೆ ಒಂದು ಸ್ಪ್ಲಿಟರ್ ಕೇಬಲ್ ಬೇಕಾಗುತ್ತದೆ, ಇಲ್ಲದಿದ್ದರೆ ಕೇಳುತ್ತದೆ ಆದರೆ ಮೈಕ್ ಹಿಡಿಯುವುದಿಲ್ಲ. ಗೇಮಿನ ಸೆಟ್ಟಿಂಗ್‌ನಲ್ಲಿ ಪುಶ್-ಟು-ಟಾಕ್ ಆರಿಸಿ, ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುತ್ತದೆ. ಮೈಕ್ ಸದಾ ತೆರೆದಿದ್ದರೆ ತಲೆಯ ಮೇಲಿನ ಫ್ಯಾನ್, ಒಳಗಿನ ಕುಕ್ಕರ್ ಸೀಟಿ, ಎಲ್ಲವೂ ಗೇಮಿಗೆ ನಿಮ್ಮ ದನಿಯೇ. ಕಣ್ಣಿಲ್ಲದ ನಾಯಿ ಕುಕ್ಕರ್ ಸೀಟಿಗೂ ಬರುತ್ತದೆ. ಪಿಜಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಕಿರುಚುವಂತಿಲ್ಲ ಅನ್ನುವುದು ಮಾತ್ರ ಈ ಗೇಮುಗಳಿಗೆ ಹೇಳಿ ಮಾಡಿಸಿದ ನಿರ್ಬಂಧ. ಸುಮ್ಮನಿದ್ದವನೇ ಇಲ್ಲಿ ಹೆಚ್ಚು ಹೊತ್ತು ಬದುಕುತ್ತಾನೆ.

ಗೇಮಿಂಗ್ ಕೆಫೆಯಲ್ಲಿ ನಾಲ್ವರೂ ಒಂದೇ ಸಾಲಿನಲ್ಲಿ ಕೂತು ಫ್ಯಾಸ್ಮೋಫೋಬಿಯಾ ಆಡುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಪಕ್ಕದ ಕುರ್ಚಿಯಿಂದ ಮಾತು ನೇರ ಕಿವಿಗೆ ಬೀಳುತ್ತದೆ, ಪಕ್ಕದವನ ಪರದೆ ಕಣ್ಣಿಗೆ ಬೀಳುತ್ತದೆ, ಒಬ್ಬನ ದನಿ ಇನ್ನೊಬ್ಬನ ಮೈಕ್‌ಗೆ ಹೋಗಿ ಎರಡು ಕಡೆಯಿಂದ ಕೇಳುತ್ತದೆ. ಬೇಕೇಬೇಕಿದ್ದರೆ ನಡುವೆ ಒಂದೊಂದು ಸೀಟು ಬಿಟ್ಟು, ಕಿವಿ ಪೂರ್ತಿ ಮುಚ್ಚುವ ಹೆಡ್‌ಸೆಟ್ ಹಾಕಿ. ಎಲ್ಲರೂ ಒಂದೇ ಕಡೆ ಕೂಡುವ ದಿನಕ್ಕೆ ಒಟ್ಟಿಗಿರುವುದನ್ನೇ ಬಯಸುವ ಗೇಮ್ ಹೊಂದುತ್ತದೆ: ಲೆಫ್ಟ್ 4 ಡೆಡ್ 2 ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ, ಇಬ್ಬರೇ ಇದ್ದರೆ ರೆಸಿಡೆಂಟ್ ಈವಿಲ್ 5ನ್ನು ಸ್ಪ್ಲಿಟ್ ಸ್ಕ್ರೀನ್‌ನಲ್ಲಿ ಆಡಬಹುದು.

ಪರದೆಯ ಬ್ರೈಟ್‌ನೆಸ್ ಏರಿಸಿಕೊಂಡು ಆಡುವವರಿಗೆ ಒಂದು ಮಾತು. ಟ್ಯೂಬ್‌ಲೈಟ್ ಕೆಳಗೆ ಕೂತರೆ ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ, ಏನೂ ತೋರದೆ ಗಾಮಾ ಏರಿಸುತ್ತೀರಿ, ಆಮೇಲೆ ಕತ್ತಲೆಯೇ ಉಳಿಯುವುದಿಲ್ಲ. ದೀಪ ಆರಿಸಿ, ಗೇಮ್ ಶುರುವಿನಲ್ಲಿ ಕೇಳುವ ಹೊಂದಾಣಿಕೆಯನ್ನು ಆ ಕತ್ತಲಲ್ಲೇ ಮಾಡಿ.

ಇನ್ನು ಮಂದಿ ಹೊಂದಿಸುವುದು. ನಾಲ್ವರ ಬಿಡುವು ಒಂದೇ ರಾತ್ರಿಗೆ ಕೂಡಿಬರುವುದು ಕಷ್ಟ, ಒಬ್ಬನ ಪರೀಕ್ಷೆ, ಇನ್ನೊಬ್ಬನ ನೈಟ್ ಶಿಫ್ಟ್. ಟೆನ್ ಚೇಂಬರ್ಸ್‌ನ ಜಿಟಿಎಫ್‌ಓದಂಥ ಗೇಮಿಗೆ ನಾಲ್ವರು ಪಕ್ಕಾ ಆಗುವವರೆಗೆ ಕೈ ಹಾಕಬೇಡಿ. ಮಲಗಿರುವ ಜೀವಿಗಳು ಮಿಡಿಯುವಾಗ ಎಲ್ಲರೂ ಅಲುಗದೆ ನಿಂತು, ಎಣಿಸಿ ಒಂದೇ ಕ್ಷಣಕ್ಕೆ ಹೊಡೆಯಬೇಕಾದ ಆಟ ಅದು, ಒಬ್ಬ ಕಡಿಮೆಯಾದರೆ ಭಾರ ಹೊರಲಾಗದು. ಬದಲಿಗೆ ಅಪರಿಚಿತನನ್ನು ಪಬ್ಲಿಕ್ ಲಾಬಿಯಿಂದ ತುಂಬಿಸಿಕೊಂಡರೆ ಅರ್ಧಕ್ಕೆ ಬಿಟ್ಟು ಹೋಗುತ್ತಾನೆ, ಕನ್ನಡವೂ ಬಾರದು, ಗುಂಪು ತಡವರಿಸುತ್ತದೆ. ಮೂವರೇ ಸಿಕ್ಕ ರಾತ್ರಿ ಲೀಥಲ್ ಕಂಪನಿ ಆಡಿ: ಒಬ್ಬ ಹಡಗಿನಲ್ಲಿ, ಇಬ್ಬರು ಒಳಗೆ. ನಾಲ್ವರಿಗಿಂತ ಅದೇ ಹೆಚ್ಚು ಬಿಗಿಯಾಗಿ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಯಾಕಂದರೆ ಒಳಗಿನ ಇಬ್ಬರು ಬೇರೆಯಾದ ಕ್ಷಣ ಇಬ್ಬರೂ ಒಂಟಿ. ಇಬ್ಬರೇ ಆದರೆ ಫ್ಯಾಸ್ಮೋಫೋಬಿಯಾದ ಸಣ್ಣ ಮನೆ, ಒಬ್ಬ ಒಳಗೆ, ಒಬ್ಬ ವ್ಯಾನ್‌ನಲ್ಲಿ, ಕೆಲಸ ಹತ್ತು ನಿಮಿಷಕ್ಕೊಮ್ಮೆ ಅದಲು ಬದಲು.